ಪುಕ್ಕಲು ಬೆಕ್ಕಿನ ಮನೆ ಹೇಗಿರಬೇಕು?

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನಲ್ಲಿ 32 ಬೆಕ್ಕುಗಳನ್ನು 77 ವಾರಗಳ ಕಾಲ ಬಿಡದೆ ಗಮನಿಸಿದರು. ಅವುಗಳಲ್ಲಿ 20 ಬೆಕ್ಕುಗಳಿಗೆ ಮೂತ್ರಕೋಶದ ಹಳೆಯ ಉರಿಯೂತವಿತ್ತು, 12 ಆರೋಗ್ಯವಾಗಿದ್ದವು. ಎಲ್ಲಕ್ಕೂ ದಿನವೂ ಒಂದೇ ಹೊತ್ತಿಗೆ ಊಟ, ಪರಿಚಯದ ಕೈಯಿಂದಲೇ ಆರೈಕೆ, ಆಡಲು ಆಟಿಕೆ, ಆಟಕ್ಕೆಂದೇ ಒಂದು ಹೊತ್ತು. ಈ ದಿನಚರಿ ಕೆಡದೆ ನಡೆದ ವಾರಗಳಲ್ಲಿ ಕಾಯಿಲೆಯ ಬೆಕ್ಕುಗಳೂ ಬಹುಮಟ್ಟಿಗೆ ಚೇತರಿಸಿಕೊಂಡವು. ಆರೈಕೆಯವರು ಬದಲಾದ, ಊಟದ ಹೊತ್ತು ಏರುಪೇರಾದ, ಆಟ ನಿಂತುಹೋದ ವಾರಗಳಲ್ಲಿ ಯಾವ ರೋಗವೂ ಇಲ್ಲದ ಬೆಕ್ಕುಗಳು ಕೂಡ ಊಟ ಬಿಟ್ಟವು, ವಾಂತಿ ಮಾಡಿದವು, ಮಲಮೂತ್ರಕ್ಕಿಟ್ಟ ಲಿಟರ್ ಟ್ರೇ ಬಿಟ್ಟು ಹೊರಗೆ ಗಲೀಜು ಮಾಡಿದವು. ಜುಡಿತ್ ಸ್ಟೆಲ್ಲಾ, ಲಿಂಡಾ ಲಾರ್ಡ್, ಟೋನಿ ಬಫಿಂಗ್ಟನ್ ಎಂಬ ಮೂವರು ಇದನ್ನು 2011ರಲ್ಲಿ ಪ್ರಕಟಿಸಿದರು. ಬೆಕ್ಕಿನ ಮನಸ್ಸು ಕದಡಿದರೆ ಅದರ ಹೊಟ್ಟೆ, ಮೂತ್ರಕೋಶ, ಮೈ ಎಲ್ಲವೂ ಕದಡುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ನಮ್ಮ ಮನೆಗಳಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತಿರುತ್ತದೆ. ನೆಂಟರು ಬಂದರೆಂದು ಬೆಕ್ಕು ಎರಡು ದಿನ ಮಂಚದ ಕೆಳಗಿಂದ ಹೊರಬರುವುದಿಲ್ಲ. ಮನೆಗೆ ಸುಣ್ಣಬಣ್ಣ ಆಗುವಾಗ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುತ್ತದೆ. ಬಾಣಂತಿ, ಮಗು ಬಂದ ಮನೆಯಲ್ಲಿ ಹೊಟ್ಟೆಯ ಕೂದಲು ಹೋಗುವಷ್ಟು ಮೈ ನೆಕ್ಕಿಕೊಳ್ಳುತ್ತದೆ. "ಅದಕ್ಕೆ ಸೊಕ್ಕು", "ನಮ್ಮ ಮೇಲೆ ಸೇಡು ತೀರಿಸ್ಕೊಳ್ತಿದೆ" ಎನ್ನುತ್ತಾರೆ ಮನೆಯವರು. ಇದು ಆ ಪ್ರಾಣಿಗೆ ಮಾಡುವ ದೊಡ್ಡ ಅನ್ಯಾಯ. ಹಾಸಿಗೆ ಎಂದರೆ ಮನೆಯವರ ಮೈವಾಸನೆ ಗಾಢವಾಗಿ ಕೂತಿರುವ ಜಾಗ. ದಿಗಿಲುಬಿದ್ದ ಬೆಕ್ಕು ತನ್ನ ವಾಸನೆಯನ್ನು ಅಲ್ಲಿ ಬೆರೆಸಿ ಧೈರ್ಯ ತಂದುಕೊಳ್ಳಲು ನೋಡುತ್ತದೆ ಎಂಬುದು ಪ್ರಾಣಿಗಳ ವರ್ತನೆ ಬಲ್ಲವರು ಕೊಡುವ ಒಂದು ವಿವರಣೆ. ಅದರ ಮೂತಿಯನ್ನು ಒದ್ದೆ ಬಟ್ಟೆಗೆ ತಿಕ್ಕಿ, ಬೆನ್ನಿಗೆರಡು ಬಾರಿಸಿದರೆ ಅದು ಕಲಿಯುವ ಪಾಠ ಒಂದೇ: ಈ ಮನುಷ್ಯನಿಂದ ದೂರ ಇರಬೇಕು.

ಈ ಹೆದರಿಕೆಯ ಬೇರು ಬೆಕ್ಕಿನ ವಂಶದಲ್ಲೇ ಇದೆ. 2007ರಲ್ಲಿ ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು 979 ಕಾಡುಬೆಕ್ಕು, ಸಾಕುಬೆಕ್ಕುಗಳ ಡಿಎನ್‌ಎ ಹೋಲಿಸಿ, ಜಗತ್ತಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಪೀಳಿಗೆಯವು ಎಂದು ತೋರಿಸಿದರು. ಆ ಪೂರ್ವಜ ಒಂಟಿ ಬೇಟೆಗಾರ. ನಾಯಿಯ ಪೂರ್ವಜರಾದ ತೋಳಗಳಿಗೆ ಹಿಂಡಿನ ಆಸರೆ ಇತ್ತು. ಒಂದು ಕುಂಟಿದರೆ ಇನ್ನೊಂದರ ಬೇಟೆಯಲ್ಲಿ ಪಾಲು ಸಿಗುತ್ತಿತ್ತು. ಕಾಡುಬೆಕ್ಕಿಗೆ ಅಂಥ ಆಸರೆ ಇಲ್ಲ. ಕಾಲಿಗೆ ಗಾಯವಾದರೆ ಉಪವಾಸ. ಮೇಲಾಗಿ ಅದರ ಗಾತ್ರ ಚಿಕ್ಕದು. ಇಲಿಗೆ ಅದು ಬೇಟೆಗಾರನಾದರೂ ನರಿಗೆ, ಹದ್ದಿಗೆ ತಾನೇ ಬೇಟೆ. ಹಾಗಾಗಿ ಜಗಳಕ್ಕೆ ನಿಲ್ಲದೆ ಓಡುವುದು, ಅವಿತುಕೊಳ್ಳುವುದು, ಎತ್ತರಕ್ಕೆ ಹತ್ತುವುದು, ನೋವನ್ನು ತೋರಿಸದಿರುವುದು ಅದರ ರಕ್ತದಲ್ಲಿದೆ. ಉಗುರು ಹೊರತೆಗೆಯುವುದು ಈ ದಾರಿಗಳೆಲ್ಲ ಮುಚ್ಚಿದ ಮೇಲೆ. ಬೆಕ್ಕಿಗೆ ನೆಮ್ಮದಿ ಬೇಕೆಂದರೆ ಈ ದಾರಿಗಳನ್ನು ಮನೆಯೊಳಗೇ ತೆರೆದಿಡಬೇಕು. ಮುದ್ದು, ಆಟಿಕೆ, ದುಬಾರಿ ಆಹಾರ ಎಲ್ಲ ಅದರ ನಂತರದ್ದು.

ಎಲ್ಲಕ್ಕಿಂತ ಮೊದಲು, ಇದು ಬರೀ ಹೆದರಿಕೆಯೋ ರೋಗವೋ ಎಂದು ತಿಳಿಯುವುದು ಅಗತ್ಯ. ವಯಸ್ಸಾದ ಬೆಕ್ಕು ಮುಟ್ಟಿದರೆ ಸಿಡುಕುತ್ತಿದ್ದರೆ ಅದು ಸ್ವಭಾವದ ಬದಲಾವಣೆ ಆಗಿರಬೇಕಿಲ್ಲ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇಗಳನ್ನು 2002ರಲ್ಲಿ ಅಮೆರಿಕದ ಪಶುವೈದ್ಯರು ಪರಿಶೀಲಿಸಿದಾಗ 90ರಲ್ಲಿ ಕೀಲು ಸವೆತದ ಗುರುತುಗಳಿದ್ದವು. ಅಷ್ಟು ಬೆಕ್ಕುಗಳ ನೋವು ಎಷ್ಟು ಮನೆಯವರ ಕಣ್ಣಿಗೆ ಬಿದ್ದಿತ್ತು? ಹಲ್ಲುನೋವು, ಥೈರಾಯ್ಡ್ ತೊಂದರೆ, ಮೂತ್ರಕೋಶದ ಉರಿ ಕೂಡ ಬೆಕ್ಕನ್ನು ಚಡಪಡಿಸುವಂತೆ ಮಾಡುತ್ತವೆ. ಗಂಡು ಬೆಕ್ಕಿನ ವಿಷಯದಲ್ಲಂತೂ ಒಂದು ಸೂಚನೆಯನ್ನು ಯಾರೂ ಕಡೆಗಣಿಸಬಾರದು: ಅದು ಮತ್ತೆಮತ್ತೆ ಟ್ರೇಗೆ ಹೋಗಿ ತಿಣುಕಿ, ಹನಿ ಮೂತ್ರವೂ ಬಾರದೆ ವಾಪಸಾಗುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಒಂದು ದಿನಕ್ಕಿಂತ ಹೆಚ್ಚು ಏನೂ ತಿನ್ನದ ಬೆಕ್ಕನ್ನೂ ತೋರಿಸಬೇಕು; ಉಪವಾಸ ಮುಂದುವರಿದರೆ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಅದು ಕೆಲಸ ನಿಲ್ಲಿಸುವ ಸ್ಥಿತಿ ಬರಬಹುದು.

ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಯ ಕಡೆ ನೋಡಬೇಕು. ಅವಿತುಕೊಳ್ಳುವ ಜಾಗದಿಂದಲೇ ಶುರುಮಾಡುವುದು ಒಳ್ಳೆಯದು, ಏಕೆಂದರೆ ಇದಕ್ಕೆ ಕಾಸು ಖರ್ಚಿಲ್ಲ. ನೆದರ್‌ಲೆಂಡ್ಸ್‌ನ ಊಟ್ರೆಕ್ಟ್ ವಿಶ್ವವಿದ್ಯಾಲಯದ ಕ್ಲಾಡಿಯಾ ವಿಂಕೆ ಮತ್ತು ಸಂಗಡಿಗರು ಪ್ರಾಣಿಗಳ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳನ್ನು ಎರಡು ಗುಂಪು ಮಾಡಿದರು. ಹತ್ತಕ್ಕೆ ಅಡಗಲು ಒಂದೊಂದು ಪೆಟ್ಟಿಗೆ ಕೊಟ್ಟರು, ಒಂಬತ್ತಕ್ಕೆ ಕೊಡಲಿಲ್ಲ. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಆತಂಕ ಮೊದಲ ಕೆಲವೇ ದಿನಗಳಲ್ಲಿ ಗಣನೀಯವಾಗಿ ಇಳಿದಿತ್ತು. ಪೆಟ್ಟಿಗೆ ಇಲ್ಲದವು ಆ ಮಟ್ಟಕ್ಕೆ ಬರಲು ಎರಡು ವಾರ ಹಿಡಿಯಿತು. ಅಡಗಲು ಜಾಗ ಕೊಟ್ಟರೆ ಬೆಕ್ಕು ಇನ್ನಷ್ಟು ಪುಕ್ಕಲಾಗುತ್ತದೆ ಎಂಬ ನಂಬಿಕೆಗೆ ಇದು ನೇರ ಉತ್ತರ. ಬೇಕಾದಾಗ ಮರೆಯಾಗಬಹುದು ಎಂದು ಗೊತ್ತಿರುವ ಬೆಕ್ಕೇ ಬೇಗ ಹೊರಗೆ ಬರುತ್ತದೆ.

ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಯೊಂದು ಸಾಕು. ಎರಡು ಕಡೆ ಕಿಂಡಿ ಕೊರೆದರೆ ಇನ್ನೂ ಒಳ್ಳೆಯದು. ಒಂದು ಕಡೆಯಿಂದ ಯಾರಾದರೂ ಬಂದರೆ ಇನ್ನೊಂದು ಕಡೆಯಿಂದ ಪಾರಾಗಬಹುದೆಂಬ ಭರವಸೆ ಅದಕ್ಕಿರುತ್ತದೆ. ಒಳಗೆ ಹಳೆಯ ಸೀರೆಯ ತುಂಡೋ ಟವೆಲ್ಲೋ ಹಾಸಿ, ಜನ ಹೆಚ್ಚು ಓಡಾಡದ ಮೂಲೆಯಲ್ಲಿಟ್ಟರೆ ಕೆಲಸ ಮುಗಿಯಿತು. ಬೀರುವಿನ ಮೇಲೊಂದು ದಪ್ಪ ಬಟ್ಟೆ, ಅಲ್ಲಿಗೆ ಹತ್ತಲು ಮೆಟ್ಟಿಲಿನಂತೆ ಒಂದು ಮೇಜು, ಕಿಟಕಿಯ ಪಕ್ಕ ಒಂದು ಹಲಗೆ ಇದ್ದರೆ ಎರಡು ಕೋಣೆಯ ಬಾಡಿಗೆ ಮನೆಯೂ ಬೆಕ್ಕಿನ ಪಾಲಿಗೆ ವಿಶಾಲವಾಗುತ್ತದೆ. ಮೇಲಿನ ಮಹಡಿಯ ಮನೆಯಾದರೆ ಕಿಟಕಿಗೆ ಜಾಲರಿ, ಬಾಲ್ಕನಿಗೆ ಬಲೆ ಹಾಕಿಸಲೇಬೇಕು. ಇನ್ನು ಮನೆಮಂದಿಗೆಲ್ಲ, ಅದರಲ್ಲೂ ಮಕ್ಕಳಿಗೆ, ಕಟ್ಟುನಿಟ್ಟಾಗಿ ಹೇಳಬೇಕಾದ ಮಾತೊಂದಿದೆ. ಅಡಗಿದ ಬೆಕ್ಕನ್ನು ಎಳೆದು ಹೊರತೆಗೆಯಬಾರದು. ನೆಂಟರ ಮಗುವಿಗೆ ತೋರಿಸಲೆಂದು ಒಮ್ಮೆ ಎಳೆದರೂ ಆ ಮೂಲೆಯ ಮೇಲಿನ ಅದರ ನಂಬಿಕೆ ಹೋಗಿಬಿಡುತ್ತದೆ.

ವಾಸನೆಯ ವಿಷಯ ಇನ್ನೂ ಸೂಕ್ಷ್ಮ. ಬೆಕ್ಕು ಕುರ್ಚಿಯ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಮನೆಯವರ ಮೀನಖಂಡಕ್ಕೆ ಕೆನ್ನೆ ಉಜ್ಜುವುದನ್ನು ಎಲ್ಲರೂ ನೋಡಿದ್ದಾರೆ. ಕೆನ್ನೆಯ ಗ್ರಂಥಿಗಳ ಸ್ರಾವವನ್ನು ಅದು ಹಾಗೆ ಹಚ್ಚಿಹೋಗುತ್ತದೆ. ನಮ್ಮ ಮೂಗಿಗೆ ತಿಳಿಯದ ಈ ಗುರುತುಗಳು ಅದಕ್ಕೆ 'ಇದು ಪರಿಚಯದ ಜಾಗ' ಎಂದು ಹೇಳುತ್ತವೆ. ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಜಾ 1990ರ ದಶಕದಲ್ಲಿ ಈ ಸ್ರಾವದ ಅಂಶಗಳನ್ನು ಬೇರ್ಪಡಿಸಿ ಅಧ್ಯಯನ ಮಾಡಿದರು. ಅದರಿಂದಲೇ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಆ ಬಗೆಯ ವಾಸನೆ ಹರಡುವ ಫೆಲಿವೇ ಎಂಬ ಉಪಕರಣ ಬಂತು. ಅದರ ಪರಿಣಾಮದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವದರಲ್ಲಿ ಲಾಭ ಕಂಡಿದೆ, ಕೆಲವದರಲ್ಲಿ ಇಲ್ಲ. ಕೈಯಲ್ಲಿ ದುಡ್ಡಿದ್ದರೆ ಬಳಸಿ ನೋಡಬಹುದು, ಅದೊಂದನ್ನೇ ನೆಚ್ಚಿ ಕೂರುವುದು ಬೇಡ.

ಪ್ಲಗ್ಗಿಗೆ ಸಿಕ್ಕಿಸಿ ಹೊಸ ವಾಸನೆ ತರುವ ಮೊದಲು ಬೆಕ್ಕು ತಾನೇ ಹಚ್ಚಿದ ವಾಸನೆಯನ್ನು ಒರೆಸದಿರುವುದು ಮುಖ್ಯ. ನಮ್ಮಲ್ಲಿ ಬೆಳಿಗ್ಗೆ ಎದ್ದು ಇಡೀ ಮನೆ ಫಿನಾಯಿಲ್ ಹಾಕಿ ಒರೆಸುವ ರೂಢಿ ಇದೆ. ಬೆಕ್ಕು ಕೆನ್ನೆ ಉಜ್ಜುವ ಎತ್ತರದ ಮೂಲೆಗಳನ್ನಾದರೂ ಇದರಿಂದ ಬಿಟ್ಟುಬಿಡಬೇಕು. ಇದಕ್ಕಿಂತ ಗಂಭೀರವಾದ ಸಂಗತಿ, ಫೀನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ ಎಂಬುದು. ಬೇರೆ ಪ್ರಾಣಿಗಳ ಪಿತ್ತಜನಕಾಂಗ ಇಂಥ ರಾಸಾಯನಿಕಗಳನ್ನು ಸಲೀಸಾಗಿ ಒಡೆದು ಹೊರಹಾಕುತ್ತದೆ, ಬೆಕ್ಕಿನದಕ್ಕೆ ಆ ಶಕ್ತಿ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ಓಡಾಡಿ ಅಂಗಾಲು ನೆಕ್ಕಿಕೊಂಡರೂ ಅಷ್ಟಿಷ್ಟು ಹೊಟ್ಟೆಗೆ ಹೋಗುತ್ತದೆ. ಮನಸ್ಸಿಗೆ ಹಿತವೆಂದು ಜನ ಉರಿಸುವ ಸುಗಂಧ ತೈಲಗಳ ಕಥೆಯೂ ಹೀಗೆಯೇ. ಟೀ ಟ್ರೀ ಎಣ್ಣೆಯಂತೂ ಬೆಕ್ಕಿಗೆ ಅಪಾಯಕಾರಿ. ಬೆಕ್ಕಿರುವ ಮನೆಯಲ್ಲಿ ನೆಲಕ್ಕೆ ಬಿಸಿನೀರು, ಸ್ವಲ್ಪ ಸಾಬೂನಿನ ಪುಡಿ ಸಾಕು. ಉಚ್ಚೆ ಹೊಯ್ದ ಜಾಗಕ್ಕೆ ಕಿಣ್ವವಿರುವ ಕ್ಲೀನರ್ ಬಳಸಿದರೆ ವಾಸನೆ ಬುಡಸಹಿತ ಹೋಗುತ್ತದೆ. ಬೆಕ್ಕಿನ ಹಾಸು, ಹೊದಿಕೆಗಳೆಲ್ಲವನ್ನೂ ಒಂದೇ ದಿನ ಒಗೆಯದೆ, ಒಂದಾದರೂ ಹಳೆಯ ವಾಸನೆಯದನ್ನು ಉಳಿಸಿಕೊಳ್ಳಬೇಕು.

ಲಿಟರ್ ಟ್ರೇ ಬಗ್ಗೆ ಪಶುವೈದ್ಯರ ಲೆಕ್ಕ ಸರಳವಾಗಿದೆ: ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು. ಟ್ರೇಗಳು ಬೇರೆಬೇರೆ ಕಡೆ ಇರಬೇಕು, ಊಟದ ತಟ್ಟೆಯಿಂದ ದೂರ ಇರಬೇಕು, ದಿನವೂ ಶುಚಿಯಾಗಬೇಕು. ವಾಷಿಂಗ್ ಮಷಿನ್ನಿನ ಪಕ್ಕದಲ್ಲಿಟ್ಟ ಟ್ರೇಯಲ್ಲಿರುವ ಬೆಕ್ಕು ಒಂದು ದಿನ ಮಷಿನ್ನು ಗಡಗಡ ಎಂದಾಗ ಬೆದರಿದರೆ ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಎರಡು ಬೆಕ್ಕುಗಳಿರುವ ಮನೆಯಲ್ಲಿ ಜಗಳವೆಂದರೆ ಸದಾ ಗುರುಗುಟ್ಟುವಿಕೆ, ಪರಚಾಟ ಎಂದುಕೊಳ್ಳಬಾರದು. ಒಂದು ಬೆಕ್ಕು ಅಡುಗೆಮನೆಯ ಹೊಸ್ತಿಲಲ್ಲಿ ಸುಮ್ಮನೆ ಕೂತು ದಿಟ್ಟಿಸಿದರೂ ಸಾಕು, ಇನ್ನೊಂದು ಹಸಿದುಕೊಂಡೇ ಹಿಂದಿರುಗುತ್ತದೆ. ತಟ್ಟೆ, ನೀರು, ಮಲಗುವ ಜಾಗ ಒಂದಕ್ಕೊಂದು ಕಾಣದಂತೆ ಬೇರೆ ಕೋಣೆಗಳಲ್ಲಿದ್ದರೆ ಈ ಮೌನದ ಜಗಳ ಬಹಳಷ್ಟು ತಣ್ಣಗಾಗುತ್ತದೆ.

ಸದ್ದಿನ ವಿಷಯಕ್ಕೆ ಬಂದರೆ, ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿನದು 60,000 ಹರ್ಟ್ಸ್ ದಾಟಿಯೂ ಕೇಳುತ್ತದೆ. ಇಲಿಮರಿಗಳ ಸಣ್ಣ ಚೀರಾಟ ಹಿಡಿಯಲು ಬೆಳೆದ ಕಿವಿ ಅದು. ಮಿಕ್ಸಿ, ಕುಕ್ಕರಿನ ವಿಷಲ್ಲು, ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕೊಯ್ಯುವ ಯಂತ್ರ ಇವೇ ಅದಕ್ಕೆ ಸಾಕುಸಾಕಾಗಿರುವಾಗ ದೀಪಾವಳಿಯ ಮೂರು ದಿನ ಹೇಗಿರಬಹುದು? ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಎರಡು ಗಂಟೆ ಮಾತ್ರ ಅವಕಾಶವೆಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ಹೇಳಿದೆ. ಬೀದಿಗಳಲ್ಲಿ ಅದು ಎಷ್ಟು ಪಾಲನೆಯಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಬೆಕ್ಕು ಸಾಕಿದವರು ಹಬ್ಬಕ್ಕೆ ಒಂದು ವಾರ ಮೊದಲೇ ಮನೆಯ ಒಳಗಿನ ಒಂದು ಕೋಣೆಯನ್ನು ಅದಕ್ಕಾಗಿ ಅಣಿಮಾಡಬೇಕು. ಪೆಟ್ಟಿಗೆ, ನೀರು, ಟ್ರೇ ಅಲ್ಲೇ ಇಟ್ಟು, ಊಟವನ್ನೂ ಅಲ್ಲೇ ಕೊಟ್ಟು ರೂಢಿಮಾಡಿಸಬೇಕು. ಹಬ್ಬದ ಸಂಜೆ ಕತ್ತಲಾಗುವ ಮೊದಲೇ ಹೊಟ್ಟೆತುಂಬ ಊಟ ಹಾಕಿ, ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆದು, ಫ್ಯಾನಿನ ಅಥವಾ ರೇಡಿಯೋದ ಸಣ್ಣ ಸದ್ದು ಬಿಡಬಹುದು. ಆರತಿಗೆ, ಅಕ್ಕಪಕ್ಕದವರಿಗೆ ಎಂದು ಬಾಗಿಲು ಮತ್ತೆಮತ್ತೆ ತೆರೆಯುವ ಹೊತ್ತಿನಲ್ಲೇ ಬೆದರಿದ ಬೆಕ್ಕುಗಳು ಹೊರಗೆ ಓಡಿ ಕಳೆದುಹೋಗುವುದು. ಆ ಕೋಣೆಯ ಬಾಗಿಲಿಗೆ ಚಿಲಕ ಹಾಕಿಡುವುದು ಕ್ರೌರ್ಯವಲ್ಲ, ಕಾಳಜಿ.

ನಾಯಿ ಯಜಮಾನನ ಜೊತೆ ಇರುತ್ತದೆ, ಬೆಕ್ಕು ಮನೆಯ ಜೊತೆ ಇರುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಈಗಲೂ ಕೇಳಿಬರುತ್ತದೆ. ಗೋಣಿಚೀಲದಲ್ಲಿ ಕಟ್ಟಿ ದೂರ ಬಿಟ್ಟುಬಂದ ಬೆಕ್ಕು ಹಳೆಯ ಮನೆಗೇ ವಾಪಸಾದ ಕಥೆಗಳು ಈ ಮಾತಿಗೆ ಬೆಂಬಲವಾಗಿವೆ. ಇದರಲ್ಲಿ ಅರ್ಧ ಸತ್ಯವಿದೆ. ಪರಿಚಯದ ಜಾಗ ಬೆಕ್ಕಿಗೆ ಬಹಳ ಮುಖ್ಯ, ನಿಜ. ಆದರೆ ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲಿ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದಂತೆ, ಹೊಸ ಕೋಣೆಯಲ್ಲಿ ಎರಡು ನಿಮಿಷ ಒಂಟಿಯಾಗಿ ಬಿಟ್ಟ ಮರಿಗಳಲ್ಲಿ ಸುಮಾರು ಶೇಕಡಾ 64ರಷ್ಟು, ಸಾಕಿದವರು ಮರಳಿ ಬಂದ ಕೂಡಲೇ ಸಮಾಧಾನಗೊಂಡು ಆಟಕ್ಕೆ, ಹುಡುಕಾಟಕ್ಕೆ ಇಳಿದವು. ಮನುಷ್ಯನೂ ಬೆಕ್ಕಿಗೆ ಆಸರೆಯೇ. ಮನೆ ಬದಲಿಸುವಾಗ ಈ ಎರಡನ್ನೂ ಬಳಸಿಕೊಳ್ಳಬೇಕು. ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆ, ಅದರಲ್ಲಿ ಹಳೆಯ ಮನೆಯ ಒಗೆಯದ ಹಾಸು, ಹಳೆಯ ತಟ್ಟೆ, ಹಳೆಯ ಟ್ರೇ, ದಿನಕ್ಕೆ ಹಲವು ಸಲ ಸುಮ್ಮನೆ ಹೋಗಿ ಕೂರುವ ಮನೆಯವರು. ಅದು ಚೆನ್ನಾಗಿ ಉಂಡು, ಆಡಿ, ಬಾಗಿಲ ಬಳಿ ಬಂದು ಕೂರತೊಡಗಿದ ಮೇಲೆ ಉಳಿದ ಕೋಣೆಗಳ ಬಾಗಿಲು ತೆರೆಯಬಹುದು. ಕೆಲವಕ್ಕೆ ಮೂರು ದಿನ ಸಾಕು, ಕೆಲವಕ್ಕೆ ವಾರಗಳು ಬೇಕು.

ಬೆಕ್ಕುಗಳೆಲ್ಲ ಒಂದೇ ತೆರನಲ್ಲ. ಮರಿ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದ್ದರೆ ದೊಡ್ಡದಾದ ಮೇಲೂ ಮನುಷ್ಯರನ್ನು ನಂಬುತ್ತದೆ ಎಂದು ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಷ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಮಳೆಗಾಲದಲ್ಲಿ ಕಾರಿನಡಿಯಿಂದ, ಮೋರಿಯ ಬದಿಯಿಂದ ಎತ್ತಿತಂದ ನಾಲ್ಕೈದು ತಿಂಗಳ ಮರಿಗಳಿಗೆ ಆ ಕಾಲ ಕಳೆದುಹೋಗಿರುತ್ತದೆ. ಅವು ತೊಡೆಯ ಮೇಲೆ ಮಲಗುವ ಬೆಕ್ಕುಗಳಾಗದೆಯೂ ಇರಬಹುದು. ಮೂರಡಿ ದೂರದಲ್ಲಿ ಕಾಲುಚಾಚಿ ಮಲಗುವುದೇ ಅವುಗಳ ಪ್ರೀತಿ. ಆ ಮೂರಡಿಯನ್ನು ಗೌರವಿಸುವ ಮನೆಯವರು ಸಿಕ್ಕ ಬೆಕ್ಕು ಪುಣ್ಯ ಮಾಡಿದ್ದು.

ಮುಟ್ಟುವುದಕ್ಕೂ ಒಂದು ಕ್ರಮವಿದೆ. ಬೆಕ್ಕಿನ ಬಳಿಗೆ ಹೋಗಿ ಎತ್ತಿಕೊಳ್ಳುವ ಬದಲು, ನೆಲದ ಮೇಲೆ ಕೂತು ಬೆರಳು ಚಾಚಿ, ಅದೇ ಬರಲಿ ಎಂದು ಕಾಯಬೇಕು. ಕೆನ್ನೆ, ಗದ್ದ, ಕಿವಿಯ ಬುಡ ಅದಕ್ಕೆ ಇಷ್ಟ. ಹೊಟ್ಟೆ, ಬಾಲದ ಬುಡ ಬೇಡ. ನಾಲ್ಕು ಸಲ ಸವರಿ ಕೈ ಹಿಂದಕ್ಕೆಳೆದರೆ, ಇನ್ನೂ ಬೇಕಿದ್ದರೆ ಅದು ತಾನೇ ತಲೆಯೊಡ್ಡುತ್ತದೆ. ಬಾಲ ಪಟಪಟ ಬಡಿದರೆ, ಕಿವಿ ಹಿಂದಕ್ಕೆ ಮಡಿಸಿದರೆ, ಬೆನ್ನಿನ ಚರ್ಮ ಅದುರಿದರೆ ಅಲ್ಲಿಗೆ ಸಾಕು. ಕಣ್ಣಿನ ಭಾಷೆಯೂ ಇದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಟಾಸ್ಮಿನ್ ಹಂಫ್ರಿ, ಕ್ಯಾರೆನ್ ಮೆಕ್‌ಕೋಂಬ್ ಮತ್ತು ಸಂಗಡಿಗರ 2020ರ ಪ್ರಯೋಗದಲ್ಲಿ, ಮನುಷ್ಯರು ಕಣ್ಣನ್ನು ನಿಧಾನವಾಗಿ ಕಿರಿದು ಮಾಡಿ ಮುಚ್ಚಿ ತೆರೆದಾಗ ಬೆಕ್ಕುಗಳೂ ಹಾಗೆಯೇ ಮಾಡಿದವು. ಹಾಗೆ ಕಣ್ಣು ಮಿಟುಕಿಸಿದ ಅಪರಿಚಿತರ ಚಾಚಿದ ಕೈಯ ಬಳಿಗೂ ಅವು ಹೆಚ್ಚಾಗಿ ಬಂದವು. ರೆಪ್ಪೆ ಬಡಿಯದೆ ದಿಟ್ಟಿಸಿ ನೋಡುವುದು ಬೆಕ್ಕಿಗೆ ಬೆದರಿಕೆ. ಮನೆಗೆ ಬಂದವರಿಗೆ "ಅದನ್ನ ನೋಡ್ಬೇಡಿ, ಅದೇ ಬರತ್ತೆ" ಎಂದು ಹೇಳಿದರೆ ಅರ್ಧ ಕೆಲಸ ಆದಂತೆ.

ದಿನಕ್ಕೆ ಎರಡು ಹೊತ್ತು, ಹತ್ತು ನಿಮಿಷ ಆಟ ಇರಲಿ. ಕೋಲಿನ ತುದಿಗೆ ದಾರ, ದಾರಕ್ಕೆ ಬಟ್ಟೆಯ ಚೂರು ಕಟ್ಟಿ ಇಲಿಯಂತೆ ಓಡಿಸಬೇಕು, ಕೊನೆಗೆ ಅದರ ಪಂಜಕ್ಕೆ ಸಿಗಲು ಬಿಡಬೇಕು, ಆಮೇಲೆ ಊಟ ಕೊಡಬೇಕು. ಹುಡುಕಿ, ಹಿಡಿದು, ತಿಂದು, ಮೈ ನೆಕ್ಕಿ ಮಲಗುವ ಅದರ ಸಹಜ ಸರಣಿ ಆಗ ಪೂರ್ತಿಯಾಗುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಲು ಮರೆಯಬಾರದು. ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲವು ಬೆಕ್ಕುಗಳ ದಿಗಿಲು ಇಳಿಯುವುದಿಲ್ಲ. ಅವುಗಳಿಗೆ ಔಷಧಿ ಇದೆ, ಅದರಲ್ಲಿ ಸಂಕೋಚ ಬೇಕಿಲ್ಲ. ಪ್ರಯಾಣ, ಆಸ್ಪತ್ರೆ ಭೇಟಿಯ ಮುಂಚೆ ಗ್ಯಾಬಪೆಂಟಿನ್ ಕೊಡುವುದು ಹಲವು ದೇಶಗಳ ಪಶುವೈದ್ಯರಲ್ಲಿ ಈಗ ಸಾಮಾನ್ಯ. ಇದೇ ಉದ್ದೇಶಕ್ಕೆಂದು ಬೆಕ್ಕುಗಳಿಗಾಗಿಯೇ ತಯಾರಾದ ಪ್ರಿಗ್ಯಾಬಲಿನ್ ದ್ರಾವಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಅನುಮತಿ ಕೊಟ್ಟಿತು. ಪ್ರಮಾಣವನ್ನು ತೂಕ, ವಯಸ್ಸು, ಮೂತ್ರಪಿಂಡದ ಸ್ಥಿತಿ ನೋಡಿ ಪಶುವೈದ್ಯರೇ ಹೇಳಬೇಕು. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಚೂರು ಮಾಡಿ ಕೊಡುವುದಂತೂ ಕೂಡದು. ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಪಶುವೈದ್ಯರ ಬಳಿ ಹೋಗುವುದೇ ದೊಡ್ಡ ಯುದ್ಧವಾದ ಮನೆಗಳಿವೆ. ಅಟ್ಟದ ಮೇಲಿಂದ ಬೆಕ್ಕನ್ನು ಒಯ್ಯುವ ಕ್ಯಾರಿಯರ್ ಇಳಿಯುವ ಸದ್ದಾದರೆ ಸಾಕು, ಬೆಕ್ಕು ಮಾಯ. ವರ್ಷಕ್ಕೊಮ್ಮೆ ಸೂಜಿ ಚುಚ್ಚಿಸಲು ಮಾತ್ರ ಹೊರಬರುವ ಪೆಟ್ಟಿಗೆಯನ್ನು ಅದು ನಂಬಲಾರದು. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ಲಿಡಿಯಾ ಪ್ರಾಟ್ಶ್ ಮತ್ತು ಸಂಗಡಿಗರು 22 ಬೆಕ್ಕುಗಳಲ್ಲಿ ಅರ್ಧದಷ್ಟಕ್ಕೆ ಆರು ವಾರ ಕಾಲ, ತಿಂಡಿಯ ಆಸೆ ತೋರಿಸಿ, ಕ್ಯಾರಿಯರಿನೊಳಗೆ ಹೋಗಿ ಕೂರುವುದನ್ನು ಕಲಿಸಿದರು. ಕಾರಿನಲ್ಲಿ ಒಯ್ಯುವಾಗ ಕಲಿತ ಬೆಕ್ಕುಗಳ ಆತಂಕ ಕಡಿಮೆ ಇತ್ತು, ವೈದ್ಯರ ಪರೀಕ್ಷೆಯೂ ಬೇಗ ಮುಗಿಯಿತು ಎಂದು 2018ರಲ್ಲಿ ವರದಿ ಮಾಡಿದರು. ಬೆಕ್ಕು ಸಾಕಿದವರು ಈ ವಾರವೇ ಕ್ಯಾರಿಯರನ್ನು ಅಟ್ಟದಿಂದ ಇಳಿಸಿ, ಬಾಗಿಲು ಕಳಚಿ, ಒಳಗೆ ಅದರ ಮೆಚ್ಚಿನ ಬಟ್ಟೆ ಹಾಸಿ, ಹಜಾರದ ಒಂದು ಮೂಲೆಯಲ್ಲಿ ಇಟ್ಟುಬಿಡಿ. ದಿನವೂ ಒಂದು ತುತ್ತು ಅದರೊಳಗೇ ಬೀಳಲಿ. ಮುಂದಿನ ಲಸಿಕೆಯ ದಿನಾಂಕಕ್ಕೆ ಇನ್ನೂ ತಿಂಗಳುಗಳಿದ್ದರೂ ಕಾಯಬೇಡಿ.